ಶಿಕಾಗೊದ ಫೆಡರಲ್ ಕಟ್ಟಡ: ನೆಲಸಮವಾದ ಒಂದು ಸಾಕ್ಷಿ

ಅಮೆರಿಕದ ಶಿಕಾಗೊ ನಗರದ ನಡುಭಾಗದಲ್ಲಿ, ಡಿಯರ್‌ಬಾರ್ನ್, ಆಡಮ್ಸ್, ಕ್ಲಾರ್ಕ್ ಮತ್ತು ಜಾಕ್ಸನ್ ಎಂಬ ನಾಲ್ಕು ಬೀದಿಗಳು ಸುತ್ತುವರಿದ ನಿವೇಶನದಲ್ಲಿ, 1905ರಿಂದ 1965ರವರೆಗೆ ಭಾರಿ ಗುಮ್ಮಟವಿದ್ದ ಒಂದು ಕಟ್ಟಡ ನಿಂತಿತ್ತು. ಅದರ ಕೆಳಗಿನ ಅಂತಸ್ತುಗಳಲ್ಲಿ ನಗರದ ಮುಖ್ಯ ಅಂಚೆ ಕಚೇರಿ ಇತ್ತು; ಮೇಲಿನ ಅಂತಸ್ತುಗಳಲ್ಲಿ ಒಕ್ಕೂಟ ಸರ್ಕಾರದ ಜಿಲ್ಲಾ ನ್ಯಾಯಾಲಯ ಮತ್ತು ಮೇಲ್ಮನವಿ ನ್ಯಾಯಾಲಯಗಳು ನಡೆಯುತ್ತಿದ್ದವು. ಎಣ್ಣೆ ಉದ್ಯಮಿ ಜಾನ್ ಡಿ. ರಾಕ್‌ಫೆಲರ್ ಸಾಕ್ಷಿ ನುಡಿದದ್ದು, ಮುಷ್ಟಿಯುದ್ಧದ ವಿಶ್ವ ಚಾಂಪಿಯನ್ ಜಾಕ್ ಜಾನ್ಸನ್ ದೋಷಿಯೆನಿಸಿಕೊಂಡದ್ದು, ನೂರರಷ್ಟು ಕಾರ್ಮಿಕ ಸಂಘಟಕರು ಒಟ್ಟಿಗೆ ಕಟಕಟೆಯೇರಿದ್ದು, ಅಲ್ ಕಪೋನ್ ಎಂಬ ಪಾತಕಿಗೆ 11 ವರ್ಷಗಳ ಸೆರೆವಾಸವಾದದ್ದು, ಎಲ್ಲವೂ ಅದೇ ಸೂರಿನ ಕೆಳಗೆ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಅಮೆರಿಕ ತನ್ನ ಹಣದ ಬಲವನ್ನು, ತನ್ನ ಜನಾಂಗದ್ವೇಷವನ್ನು, ತನ್ನ ಯುದ್ಧಕಾಲದ ಭಯವನ್ನು ಮತ್ತು ತನ್ನ ಬೀದಿಯ ಹಿಂಸೆಯನ್ನು ವಿಚಾರಣೆಗೆ ತಂದ ಕಟ್ಟಡಗಳಲ್ಲಿ ಅದಕ್ಕೆ ಸಮನಾದವು ಬಹಳ ಇರಲಾರವು. ಅಂಥದ್ದನ್ನು ಅರವತ್ತು ವರ್ಷಗಳ ಬಳಿಕ ಸರ್ಕಾರವೇ ಕೆಡವಿಸಿತು. ಹಳೆಯ ನ್ಯಾಯಾಲಯಗಳ ಚರಿತ್ರೆಯನ್ನು ಓದುತ್ತಾ ಬಂದ ನನ್ನನ್ನು ಬೇರೆ ಯಾವ ಕಟ್ಟಡದ ಕಥೆಯೂ ಇದರಷ್ಟು ಕಾಡಿಲ್ಲ.

ಶಿಕಾಗೊದಲ್ಲಿ ಒಕ್ಕೂಟ ಸರ್ಕಾರದ ನ್ಯಾಯಾಲಯಗಳು ತಮ್ಮ ನೆಲೆಯನ್ನು ಕಳೆದುಕೊಂಡದ್ದು ಅದೇ ಮೊದಲ ಸಲವಲ್ಲ. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಮಹಾಗ್ನಿಯಲ್ಲಿ ನಗರದ ಮಧ್ಯಭಾಗವೇ ಸುಟ್ಟುಹೋಯಿತು. ಸುಮಾರು 300 ಜನ ಸತ್ತು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡ ಆ ಬೆಂಕಿಯಲ್ಲಿ ಅಂಚೆ ಕಚೇರಿ ಮತ್ತು ನ್ಯಾಯಾಲಯಗಳಿದ್ದ ಮೊದಲ ಸರ್ಕಾರಿ ಕಟ್ಟಡವೂ ಹಾಳಾಯಿತು. ಅದರ ಬದಲಿಗೆ ಹೊಸ ನಿವೇಶನದಲ್ಲಿ ಕಟ್ಟಿದ ಕಲ್ಲಿನ ಕಟ್ಟಡ 1880ರ ಹೊತ್ತಿಗೆ ಮುಗಿಯಿತು. ಆದರೆ ಶಿಕಾಗೊದ ನೆಲ ಭಾರವನ್ನು ಸುಲಭವಾಗಿ ಹೊರುವ ನೆಲವಲ್ಲ. ಮಿಷಿಗನ್ ಸರೋವರದ ದಂಡೆಯಲ್ಲಿರುವ ಆ ನಗರದ ಅಡಿಯಲ್ಲಿ ಬಹು ಆಳದವರೆಗೆ ಮೆದುವಾದ ಜೇಡಿಮಣ್ಣಿದ್ದು, ದಪ್ಪ ಗೋಡೆಗಳ ಭಾರ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಕಟ್ಟಡ ಸಮನಾಗಿ ಕುಸಿಯದೆ ವಾಲುತ್ತದೆ, ಗೋಡೆಗಳು ಬಿರುಕು ಬಿಡುತ್ತವೆ. 1880ರ ಕಟ್ಟಡಕ್ಕೆ ಆದದ್ದೂ ಅದೇ. ಹದಿನಾರು ವರ್ಷಗಳಲ್ಲೇ ಅದು ವಾಸಕ್ಕೆ ಯೋಗ್ಯವಲ್ಲ ಎನ್ನಿಸಿಕೊಂಡು 1896ರಲ್ಲಿ ನೆಲಸಮವಾಯಿತು. ನಾನು ಹೇಳಹೊರಟಿರುವ ಕಟ್ಟಡ ಅದೇ ನಿವೇಶನದಲ್ಲಿ ಎದ್ದದ್ದು. ಅಂದರೆ ಅದು ಸಾಲಿನಲ್ಲಿ ಮೂರನೆಯದು. ಬೆಂಕಿ ಒಂದನ್ನು ತಿಂದಿತು, ಮಣ್ಣು ಇನ್ನೊಂದನ್ನು ನುಂಗಿತು. ಮೂರನೆಯದಕ್ಕೆ ಅಂಥ ಯಾವ ಅವಘಡವೂ ಆಗಲಿಲ್ಲ. ಗಟ್ಟಿಯಾಗಿಯೇ ಇದ್ದಾಗ ಅದನ್ನು ಮನುಷ್ಯರು ಯೋಚಿಸಿ, ಆದೇಶ ಹೊರಡಿಸಿ ಕೆಡವಿದರು.

ಹೊಸ ಕಟ್ಟಡದ ವಿನ್ಯಾಸವನ್ನು ವಹಿಸಿಕೊಂಡವರು ಹೆನ್ರಿ ಐವ್ಸ್ ಕಾಬ್. ನ್ಯೂಬೆರಿ ಗ್ರಂಥಾಲಯವನ್ನೂ ಶಿಕಾಗೊ ವಿಶ್ವವಿದ್ಯಾಲಯದ ಮೊದಮೊದಲ ಕಟ್ಟಡಗಳನ್ನೂ ರೂಪಿಸಿದ, ಶಿಕಾಗೊದಲ್ಲಿ ನಡೆದ 1893ರ ವಿಶ್ವ ಮೇಳದಲ್ಲಿ ಮೀನುಗಾರಿಕೆಯ ಭವನವನ್ನು ಕಟ್ಟಿದ ಈ ವಾಸ್ತುಶಿಲ್ಪಿ ಬೇರೆಬೇರೆ ಶೈಲಿಗಳಲ್ಲಿ ಸಲೀಸಾಗಿ ಕೆಲಸ ಮಾಡಬಲ್ಲವರಾಗಿದ್ದರು. ಸರ್ಕಾರದ ಕಟ್ಟಡಕ್ಕೆ ಅವರು ಆಯ್ದುಕೊಂಡದ್ದು ಪ್ಯಾರಿಸ್ಸಿನ ಕಲಾಶಾಲೆಯಿಂದ ಬಂದ, ಬೋಜಾರ್ ಎಂದು ಕರೆಯುವ ಗಂಭೀರವಾದ ಶಾಸ್ತ್ರೀಯ ಶೈಲಿಯನ್ನು. ಮಹಾಗ್ನಿಯ ನೆನಪಿನ ದಿನವಾದ ಅಕ್ಟೋಬರ್ 9ರಂದು, 1899ರಲ್ಲಿ, ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರೇ ಬಂದು ಮೂಲೆಗಲ್ಲನ್ನು ಇಟ್ಟರು. ಸುಟ್ಟು ಬೂದಿಯಾಗಿದ್ದ ಊರು ಇಪ್ಪತ್ತೆಂಟು ವರ್ಷಗಳಲ್ಲಿ ಮತ್ತೆ ಎದ್ದು ನಿಂತಿದೆ ಎಂಬುದನ್ನು ಸಾರುವ ಉದ್ದೇಶ ಆ ದಿನದ ಆಯ್ಕೆಯಲ್ಲೇ ಇತ್ತು. ಕಟ್ಟಡ ಪೂರ್ಣವಾಗಿ ಬಳಕೆಗೆ ಬಂದದ್ದು 1905ರಲ್ಲಿ.

ಅದರ ಆಕಾರವನ್ನು ಹಳೆಯ ಛಾಯಾಚಿತ್ರಗಳಲ್ಲಿ ನೋಡಿದರೆ ಯಾರಿಗಾದರೂ ಒಂದು ಕ್ಷಣ ಇದು ದೇವಾಲಯವೋ ಶಾಸನಸಭೆಯೋ ಎಂಬ ಅನುಮಾನ ಬರುತ್ತದೆ. ಇಡೀ ನಿವೇಶನವನ್ನು ತುಂಬುವ ಎರಡು ಅಂತಸ್ತಿನ ಚೌಕನೆಯ ತಳಹದಿ. ಅದರ ಮೇಲೆ ನಾಲ್ಕು ತೋಳುಗಳೂ ಒಂದೇ ಅಳತೆಯಲ್ಲಿ ಚಾಚಿದ ಶಿಲುಬೆಯಾಕಾರದ ಆರು ಅಂತಸ್ತುಗಳು. ತೋಳುಗಳು ಸೇರುವ ನಡುವಿನಲ್ಲಿ ಎತ್ತರದ ಕಂಠ ಮತ್ತು ಅದರ ಮೇಲೆ ಗುಮ್ಮಟ. ಹೊರಮೈಯ ಉದ್ದಕ್ಕೂ ಎಲೆಗಳ ಕೆತ್ತನೆಯ ಬೋದಿಗೆಗಳನ್ನು ಹೊತ್ತ ಕೊರಿಂಥಿಯನ್ ಕಂಬಗಳು. ಒಳಗೆ ಗುಮ್ಮಟದ ಕೆಳಗೆ ಎಂಟು ಮೂಲೆಗಳ ತೆರೆದ ಅಂಗಳವಿದ್ದು, ಅದು ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಗುಮ್ಮಟದಡಿಯ ಅಂಗಳಕ್ಕಿಂತಲೂ ದೊಡ್ಡದಾಗಿತ್ತು. ಅಂಚೆಚೀಟಿ ಕೊಳ್ಳಲು ಬಂದ ಗುಮಾಸ್ತನೂ, ದಾವೆಯ ಕಾಗದ ಹಿಡಿದು ಬಂದ ಕಕ್ಷಿದಾರನೂ, ಬೇಡಿ ಹಾಕಿಸಿಕೊಂಡು ಬಂದ ಆರೋಪಿಯೂ ಸೇರುತ್ತಿದ್ದದ್ದು ಈ ಒಂದೇ ಗುಮ್ಮಟದ ಕೆಳಗೆ. ನನಗೆ ಈ ಸೇರುವಿಕೆಯೇ ಆ ಕಟ್ಟಡದ ದೊಡ್ಡ ಗುಣ ಎನ್ನಿಸುತ್ತದೆ. ನ್ಯಾಯಾಲಯ ಎಂಬುದು ದಿನನಿತ್ಯದ ಓಡಾಟದಿಂದ ಬೇರೆಯಾಗಿ, ಕೆಲಸವಿದ್ದವರು ಮಾತ್ರ ಹೋಗುವ ಜಾಗವಾಗಿರಲಿಲ್ಲ. ಪತ್ರ ಹಾಕಲು ಬಂದವನು ತಲೆಯೆತ್ತಿದರೆ ಸಾಕು, ತನ್ನ ದೇಶದ ಕಾನೂನು ಎಲ್ಲಿ ಕೂತಿದೆ ಎಂಬುದು ಕಾಣುತ್ತಿತ್ತು.

ಅದೇ ಹೊತ್ತಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಶಿಲುಬೆಯ ಆಕಾರ ನೋಡಲು ಭವ್ಯವಾದರೂ ಕಚೇರಿಯ ಕೆಲಸಕ್ಕೆ ಒದಗುವ ಆಕಾರವಲ್ಲ. ತೋಳುಗಳ ನಡುವಿನ ನಾಲ್ಕು ಮೂಲೆಗಳೂ ಖಾಲಿ, ಮಧ್ಯದ ಅಂಗಳವೂ ಖಾಲಿ; ಉದ್ದದ ಮೊಗಸಾಲೆಗಳಿಗೆ ಹೋದ ಜಾಗವೇ ಬಹಳ. ದೇಶದ ದೊಡ್ಡ ದೊಡ್ಡ ಅಂಚೆ ವ್ಯಾಪಾರದ ಮಳಿಗೆಗಳಾದ ಸಿಯರ್ಸ್ ಮತ್ತು ಮಾಂಟ್ಗೊಮರಿ ವಾರ್ಡ್ ಇದ್ದದ್ದು ಶಿಕಾಗೊದಲ್ಲೇ ಆದ್ದರಿಂದ ಅಲ್ಲಿಯ ಅಂಚೆಯ ಹೊರೆ ಬೇರೆ ಯಾವ ಊರಿಗೂ ಇಲ್ಲದಷ್ಟು ವೇಗವಾಗಿ ಬೆಳೆಯಿತು. ಕಟ್ಟಡ ಶುರುವಾದ ಹೊಸತರಲ್ಲಿ ನಗರದ ಬೀದಿಗಳಿಂದ ಸುಮಾರು 40 ಅಡಿ ಕೆಳಗೆ ಓಡುತ್ತಿದ್ದ ಕಿರುರೈಲುಗಳ ಸುರಂಗದ ಮೂಲಕ ಅಂಚೆಯನ್ನು ರೈಲು ನಿಲ್ದಾಣಗಳಿಗೆ ಸಾಗಿಸುವ ಪ್ರಯತ್ನವೂ ನಡೆಯಿತು. ಅದು ಎರಡು ವರ್ಷಗಳಲ್ಲೇ ನಿಂತುಹೋಯಿತು. 1913ರಲ್ಲಿ ಪಾರ್ಸೆಲ್ ಅಂಚೆ ಆರಂಭವಾದ ಮೇಲಂತೂ ಜಾಗ ಸಾಲದು ಎಂಬ ದೂರು ತಪ್ಪಲೇ ಇಲ್ಲ.

ಈಗ ಮೇಲಿನ ಅಂತಸ್ತಿಗೆ ಬರೋಣ. 1905ರಲ್ಲಿ, ಅಂದರೆ ಕಟ್ಟಡ ಪೂರ್ಣವಾದ ವರ್ಷವೇ, ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರು ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಬ ವಕೀಲರನ್ನು ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸಿದರು. ಸಣ್ಣ ಮೈಕಟ್ಟಿನ, ಬಿಳಿಗೂದಲಿನ, ಚುರುಕು ಮಾತಿನ ಈ ನ್ಯಾಯಾಧೀಶರ ನ್ಯಾಯಾಲಯದ ಕೋಣೆಯನ್ನು ಮಹಾಗನಿ ಮತ್ತು ವಾಲ್ನಟ್ ಮರದ ಕೆಲಸದಿಂದ ಅಲಂಕರಿಸಲಾಗಿತ್ತು. ಗೋಡೆಯ ಮೇಲಿನ ಭಿತ್ತಿಚಿತ್ರಗಳಲ್ಲಿ ಒಂದರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಕೊಡುತ್ತಿದ್ದಾನೆ. ಇನ್ನೊಂದರಲ್ಲಿ ಪ್ರವಾದಿ ಮೋಶೆ ದೈವಾಜ್ಞೆಯ ಶಿಲಾಫಲಕಗಳನ್ನು ಎತ್ತಿ ಒಡೆಯಲಿದ್ದಾನೆ. ಅಧಿಕಾರ ಕಾನೂನಿಗೆ ತಲೆಬಾಗುವ ಕ್ಷಣವೊಂದು, ಕಾನೂನು ಹೇಳಬೇಕಾದವನೇ ಕೋಪದಿಂದ ಅದನ್ನು ಮುರಿಯುವ ಕ್ಷಣವೊಂದು. ಮುಂದಿನ ವರ್ಷಗಳಲ್ಲಿ ಆ ಕೋಣೆಯಲ್ಲಿ ನಡೆದದ್ದನ್ನು ಬಲ್ಲವರಿಗೆ ಈ ಎರಡು ಚಿತ್ರಗಳೂ ಅಲ್ಲಿ ಇದ್ದವು ಎಂಬುದು ಎದೆಗೆ ತಟ್ಟುವ ಸಂಗತಿ.

1907ರಲ್ಲಿ ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಮೇಲಿನ ಮೊಕದ್ದಮೆ ಲ್ಯಾಂಡಿಸ್ ಅವರ ಮುಂದೆ ಬಂತು. ಇಂಡಿಯಾನಾದ ವೈಟಿಂಗ್‌ನಿಂದ ಇಲಿನಾಯ್‌ನ ಈಸ್ಟ್ ಸೇಂಟ್ ಲೂಯಿಸ್‌ಗೆ ಎಣ್ಣೆ ಸಾಗಿಸಲು ರೈಲ್ವೆ ಕಂಪನಿಯಿಂದ ಗುಟ್ಟಾಗಿ ರಿಯಾಯಿತಿ ದರ ಪಡೆಯಲಾಗಿದೆ ಎಂಬುದು ಆರೋಪ. ಪ್ರಕಟಿತ ದರ ನೂರು ಪೌಂಡ್ ಎಣ್ಣೆಗೆ 18 ಸೆಂಟ್ ಇದ್ದರೆ ಕಂಪನಿ ಕೊಡುತ್ತಿದ್ದದ್ದು 6 ಸೆಂಟ್. ಸಣ್ಣ ವ್ಯಾಪಾರಿಗಳು ಪೂರ್ತಿ ದರ ತೆತ್ತು ಸಾಗಿಸುವಾಗ ದೊಡ್ಡವರಿಗೆ ಮೂರನೆಯ ಒಂದು ಪಾಲು ದರವಾದರೆ ಪೈಪೋಟಿಯ ಮಾತೇ ಉಳಿಯುವುದಿಲ್ಲ. ಅದನ್ನು ತಡೆಯಲೆಂದೇ 1903ರ ಎಲ್ಕಿನ್ಸ್ ಕಾಯಿದೆ ಬಂದಿತ್ತು. ಕಂಪನಿಯ ಹಣದ ಶಕ್ತಿ ಎಷ್ಟು ಎಂಬುದು ದಂಡ ಗೊತ್ತುಮಾಡುವ ಮುನ್ನ ತಿಳಿಯಬೇಕೆಂದು ಲ್ಯಾಂಡಿಸ್ ಅವರು ಜುಲೈನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಉದ್ಯಮದ ಸ್ಥಾಪಕ ರಾಕ್‌ಫೆಲರ್ ಅವರನ್ನೇ ಕರೆಸಿದರು. ಅಮೆರಿಕದ ಅತಿ ದೊಡ್ಡ ಶ್ರೀಮಂತನನ್ನು ನೋಡಲು ಕಟ್ಟಡದ ಸುತ್ತ ಜನ ಕಿಕ್ಕಿರಿದು ಸೇರಿದರು. ಅವರ ಉತ್ತರಗಳಲ್ಲಿ ಹೆಚ್ಚಿನ ಹುರುಳು ಸಿಗಲಿಲ್ಲ. ಆಗಸ್ಟ್ 3ರಂದು ದಂಡದ ಆದೇಶ ಹೊರಬಿತ್ತು: 1,462 ಅಪರಾಧಗಳು, ಪ್ರತಿಯೊಂದಕ್ಕೂ ಕಾಯಿದೆ ಒಪ್ಪುವ ಗರಿಷ್ಠ 20,000 ಡಾಲರ್, ಒಟ್ಟು 2,92,40,000 ಡಾಲರ್. ಅಷ್ಟು ದೊಡ್ಡ ದಂಡವನ್ನು ದೇಶ ಅದುವರೆಗೆ ಕಂಡಿರಲಿಲ್ಲ. ಮರುವರ್ಷವೇ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮರುವಿಚಾರಣೆಯಲ್ಲಿ ಕಂಪನಿ ಖುಲಾಸೆಯೂ ಆಯಿತು. ಮೇಲ್ಮನವಿಯ ಪೀಠವೂ ಅದೇ ಕಟ್ಟಡದಲ್ಲಿದ್ದದ್ದರಿಂದ ಆ ದಂಡ ಹುಟ್ಟಿದ್ದೂ ಸತ್ತದ್ದೂ ಒಂದೇ ಗುಮ್ಮಟದ ಕೆಳಗೆ. ಆದರೂ ಅತಿ ಬಲಿಷ್ಠನನ್ನೂ ಸಾಕ್ಷಿಕಟ್ಟೆಗೆ ಕರೆದು ಪ್ರಶ್ನೆ ಕೇಳಬಹುದು ಎಂಬ ನಂಬಿಕೆಯನ್ನು ಆ ಜುಲೈ ತಿಂಗಳ ದಿನ ಜನರ ಮನಸ್ಸಿನಲ್ಲಿ ಬಿತ್ತಿತು, ಅದು ರದ್ದಾಗಲಿಲ್ಲ.

ಆರು ವರ್ಷಗಳ ನಂತರದ ಮೊಕದ್ದಮೆಯ ಕಥೆ ಬೇರೆಯೇ. ಜಾಕ್ ಜಾನ್ಸನ್ 1908ರಲ್ಲಿ ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ಜನಾಂಗದ ಮುಷ್ಟಿಯುದ್ಧಪಟು. ಬಿಳಿಯ ಎದುರಾಳಿಗಳನ್ನು ಕಣದಲ್ಲಿ ಸೋಲಿಸಿದ್ದಕ್ಕಿಂತಲೂ ಹೆಚ್ಚಾಗಿ, ಬಿಳಿಯ ಹೆಂಗಸರೊಂದಿಗೆ ಮುಚ್ಚುಮರೆಯಿಲ್ಲದೆ ಬಾಳಿದ್ದು ಆ ಕಾಲದ ಸಮಾಜಕ್ಕೆ ಸಹಿಸಲಾಗದ ಸಂಗತಿಯಾಗಿತ್ತು. ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗೆ ಸಾಗಿಸುವವರನ್ನು ಹಿಡಿಯಲು 1910ರಲ್ಲಿ ಬಂದಿದ್ದ ಮ್ಯಾನ್ ಕಾಯಿದೆಯನ್ನು ಅವರ ಖಾಸಗಿ ಸಂಬಂಧದ ಮೇಲೆ ತಿರುಗಿಸಲಾಯಿತು. 1913ರಲ್ಲಿ ಬಿಳಿಯರೇ ತುಂಬಿದ ಜ್ಯೂರಿ ಅವರನ್ನು ದೋಷಿಯೆಂದಿತು. ಒಂದು ವರ್ಷ ಒಂದು ದಿನದ ಸೆರೆವಾಸ ವಿಧಿಸಲಾಯಿತು. ಅವರು ದೇಶ ಬಿಟ್ಟು ಹೋಗಿ, ಏಳು ವರ್ಷ ಪರದೇಶಗಳಲ್ಲಿ ಅಲೆದು, 1920ರಲ್ಲಿ ಮರಳಿ ಬಂದು ಶಿಕ್ಷೆ ಅನುಭವಿಸಿದರು. 2018ರ ಮೇ ತಿಂಗಳಿನಲ್ಲಿ, ಅವರು ಸತ್ತು 72 ವರ್ಷಗಳಾಗುವ ಹೊತ್ತಿಗೆ, ಅಮೆರಿಕದ ಅಧ್ಯಕ್ಷರು ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು.

ಆ ಕಟ್ಟಡದಲ್ಲಿ ನಡೆದ ವಿಚಾರಣೆಗಳಲ್ಲಿ ನನ್ನನ್ನು ಅತ್ಯಂತ ಕಲಕುವುದು 1918ರದ್ದು. ಐ.ಡಬ್ಲ್ಯೂ.ಡಬ್ಲ್ಯೂ. ಎಂದು ಹೆಸರಾದ, ಗಣಿಗಾರರು, ಮರ ಕಡಿಯುವವರು, ಸುಗ್ಗಿಯ ಕೂಲಿಗಳು, ಬಂದರಿನ ಹಮಾಲರು ಇವರನ್ನೆಲ್ಲ ಒಂದೇ ಸಂಘಟನೆಗೆ ತರಲು ಹೊರಟಿದ್ದ ಕಾರ್ಮಿಕ ಸಂಘವು ಮೊದಲ ಮಹಾಯುದ್ಧದಲ್ಲಿ ದೇಶದ್ರೋಹದ ಗುಮಾನಿಗೆ ಒಳಗಾಯಿತು. 1917ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಅದರ ಕಚೇರಿಗಳ ಮೇಲೆ ದಾಳಿ ನಡೆದು, ಯುದ್ಧಕ್ಕೆ ಅಡ್ಡಿಪಡಿಸುವ ಒಳಸಂಚಿನ ಆರೋಪದ ಮೇಲೆ ನೂರಕ್ಕೂ ಹೆಚ್ಚು ಜನರನ್ನು ಶಿಕಾಗೊಗೆ ತಂದು ಲ್ಯಾಂಡಿಸ್ ಅವರ ಮುಂದೆ ನಿಲ್ಲಿಸಲಾಯಿತು. 1918ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ವಿಚಾರಣೆ ನಡೆಯಿತು. ಅಷ್ಟು ಆರೋಪಿಗಳು ಕಟಕಟೆಯಲ್ಲಿ ಹಿಡಿಸುವ ಮಾತೇ ಇರಲಿಲ್ಲ. ಸಾಕ್ಷಿಕಟ್ಟೆಗೆ ಬಂದ ಸಂಘಟಕರು ಗಣಿಯ ಆಳದ ಬದುಕು, ಹೇನು ತುಂಬಿದ ಕಾಡಿನ ಬಿಡಾರಗಳು, ಬಾರದ ಕೂಲಿ, ಮುಷ್ಕರ ಹೂಡಿದವರನ್ನು ಊರಿನಿಂದ ಹೊರದಬ್ಬಿದ ಬಗೆ ಎಲ್ಲವನ್ನೂ ಹೇಳಿದರು. ದೇಶದ ದುಡಿಯುವವರ ಕಷ್ಟ ಅಷ್ಟು ವಿವರವಾಗಿ ನ್ಯಾಯಾಲಯವೊಂದರ ದಾಖಲೆಗೆ ಬಂದದ್ದು ಅಪರೂಪ. ಅದೆಲ್ಲ ಆದ ಮೇಲೆ, ನೂರರಷ್ಟು ಜನರ ಮೇಲಿನ ಹಲವು ಆರೋಪಗಳನ್ನು ತೂಗಿ ನೋಡಲು ಜ್ಯೂರಿಯವರು ತೆಗೆದುಕೊಂಡದ್ದು ಒಂದು ಗಂಟೆಗೂ ಕಡಿಮೆ ಸಮಯ. ಎಲ್ಲರೂ ದೋಷಿಗಳೆಂದಾಯಿತು. ಸಂಘದ ನಾಯಕ ಬಿಲ್ ಹೇವುಡ್ ಮತ್ತು ಇನ್ನು ಹದಿನಾಲ್ವರಿಗೆ 20 ವರ್ಷಗಳ ಶಿಕ್ಷೆಯಾಯಿತು. ಉಳಿದವರಲ್ಲಿ ಹಲವರಿಗೆ 10 ಮತ್ತು 5 ವರ್ಷ. ಒಬ್ಬೊಬ್ಬ ಮನುಷ್ಯನ ಹೆಸರಿನ ಮುಂದೆ ಒಂದು ನಿಮಿಷವನ್ನೂ ಕೊಡದ ಆ ತೀರ್ಪನ್ನು ನಾನು ವಿಚಾರಣೆ ಎಂದು ಕರೆಯಲು ಹಿಂಜರಿಯುತ್ತೇನೆ. ಕೊನೆಗೆ ಸೆರೆಯಲ್ಲಿ ಉಳಿದಿದ್ದವರನ್ನು ಅಧ್ಯಕ್ಷ ಕೂಲಿಜ್ 1923ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಹೇವುಡ್ ಅಷ್ಟರೊಳಗೆ ಜಾಮೀನಿನ ಮೇಲೆ ಹೊರಬಂದು ಸೋವಿಯತ್ ರಷ್ಯಕ್ಕೆ ತಪ್ಪಿಸಿಕೊಂಡು ಹೋಗಿದ್ದರು. 1928ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು.

ಆ ಶಿಕ್ಷೆ ಪ್ರಕಟವಾದ ಕೆಲವೇ ದಿನಗಳಲ್ಲಿ, 1918ರ ಸೆಪ್ಟೆಂಬರ್ 4ರಂದು, ಕಟ್ಟಡದ ಆಡಮ್ಸ್ ಬೀದಿಯ ಕಡೆಯ ಬಾಗಿಲಿನಲ್ಲಿ ಬಾಂಬ್ ಸಿಡಿದು ನಾಲ್ವರು ಸತ್ತರು. ಮೇಲೆ ನಡೆದ ಸೇಡಿಗೂ ಭಯಕ್ಕೂ ಕೆಳಗೆ ಅಂಚೆ ಕಚೇರಿಯಲ್ಲಿ ತಮ್ಮ ಪಾಡಿಗೆ ತಾವಿದ್ದವರು ಜೀವ ತೆತ್ತರು. ಗುಮ್ಮಟದಡಿಯ ಸೇರುವಿಕೆಯನ್ನು ಮೇಲೆ ಹೊಗಳಿದೆನಲ್ಲ, ಅದರ ಇನ್ನೊಂದು ಮುಖ ಇದು.

ಯುದ್ಧದ ಆ ಕಾಲದಲ್ಲೇ ಮಿಲ್ವಾಕಿಯ ಸಮಾಜವಾದಿ ನಾಯಕ ವಿಕ್ಟರ್ ಬರ್ಗರ್ ಅವರಿಗೂ ಲ್ಯಾಂಡಿಸ್ 20 ವರ್ಷಗಳ ಶಿಕ್ಷೆ ವಿಧಿಸಿದರು. 1921ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು: ಪಕ್ಷಪಾತದ ದೂರು ಪ್ರಮಾಣಪತ್ರದ ಮೂಲಕ ಬಂದಾಗ ನ್ಯಾಯಾಧೀಶರು ತಾವೇ ಪಕ್ಕಕ್ಕೆ ಸರಿಯಬೇಕಾಗಿತ್ತು ಎಂಬುದು ಕಾರಣ. ಅಷ್ಟರಲ್ಲಿ ಲ್ಯಾಂಡಿಸ್ ಅವರಿಗೆ ಇನ್ನೊಂದು ದಾರಿ ತೆರೆದಿತ್ತು. ಬೇಸ್‌ಬಾಲ್ ಒಕ್ಕೂಟಗಳ ನಡುವಿನ 1915ರ ದಾವೆ ಅವರ ಮುಂದೆ ಬಂದಾಗ ತೀರ್ಪು ಕೊಡದೆ ವರ್ಷವಿಡೀ ಕಾದು, ಪಕ್ಷಗಳೇ ರಾಜಿಯಾಗುವಂತೆ ಮಾಡಿದ್ದರು. 1920ರಲ್ಲಿ ಅದೇ ಆಟದ ಮೊದಲ ಕಮಿಷನರ್ ಆದರು. ಇಂದು ಅವರ ಹೆಸರನ್ನು ಹೆಚ್ಚು ಜನ ಬಲ್ಲದ್ದು ಆ ಹುದ್ದೆಯಿಂದಲೇ.

ಕಪೋನ್ ವಿಚಾರಣೆಯನ್ನು ಚಿತ್ರಗಳಲ್ಲಿ ಕಂಡವರು ಬಹಳ, ಅದರ ಕಾನೂನಿನ ಸ್ವಾರಸ್ಯವನ್ನು ಗಮನಿಸಿದವರು ಕಡಿಮೆ. ಮದ್ಯ ನಿಷೇಧದ ಕಾಲದಲ್ಲಿ ಕಳ್ಳಸಾರಾಯಿ, ಜೂಜು, ಕೊಲೆಗಳಿಂದ ಶಿಕಾಗೊವನ್ನು ನಡುಗಿಸಿದ ಆತನನ್ನು ಆ ಅಪರಾಧಗಳಿಗಾಗಿ ಶಿಕ್ಷಿಸಲು ಸಾಕ್ಷಿ ನುಡಿಯುವವರೇ ಇರಲಿಲ್ಲ. ಅಕ್ರಮ ಸಂಪಾದನೆಯೂ ಆದಾಯ ತೆರಿಗೆಗೆ ಒಳಪಡುತ್ತದೆ ಎಂದು 1927ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ದಾರಿ ಮಾಡಿಕೊಟ್ಟಿತು. ತೆರಿಗೆ ಇಲಾಖೆಯ ಅಧಿಕಾರಿಗಳು ಜೂಜುಕಟ್ಟೆಯ ಲೆಕ್ಕದ ಪುಸ್ತಕಗಳನ್ನು ವರ್ಷಗಟ್ಟಲೆ ಕೆದಕಿ ಮೊಕದ್ದಮೆ ಕಟ್ಟಿದರು. 1931ರಲ್ಲಿ ನ್ಯಾಯಾಧೀಶ ಜೇಮ್ಸ್ ವಿಲ್ಕರ್ಸನ್ ಅವರ ಮುಂದೆ ಕಪೋನ್ ಮೊದಲು ತಪ್ಪೊಪ್ಪಿಕೊಂಡ, ಎರಡೂವರೆ ವರ್ಷಗಳ ಸಣ್ಣ ಶಿಕ್ಷೆಯ ಒಪ್ಪಂದ ಆಗಿದೆಯೆಂಬ ಭರವಸೆಯಲ್ಲಿ. ಅಂಥ ಒಪ್ಪಂದಕ್ಕೆ ನ್ಯಾಯಾಲಯ ಕಟ್ಟುಬೀಳುವುದಿಲ್ಲ ಎಂದು ವಿಲ್ಕರ್ಸನ್ ಸ್ಪಷ್ಟಪಡಿಸಿದಾಗ ಆತ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ವಿಚಾರಣೆ ಶುರುವಾದ ಅಕ್ಟೋಬರ್ 6ರ ಬೆಳಿಗ್ಗೆ, ಜ್ಯೂರಿಯ ಪಟ್ಟಿಯಲ್ಲಿದ್ದವರನ್ನು ಕಪೋನ್ ಕಡೆಯವರು ಕೊಂಡುಕೊಳ್ಳಲು ಹೊರಟಿದ್ದಾರೆ ಎಂಬ ಸುಳಿವು ಸಿಕ್ಕಿದ್ದ ವಿಲ್ಕರ್ಸನ್, ತಮ್ಮ ಪಟ್ಟಿಯನ್ನು ಅದೇ ಕಟ್ಟಡದ ಇನ್ನೊಬ್ಬ ನ್ಯಾಯಾಧೀಶರ ಪಟ್ಟಿಯೊಂದಿಗೆ ಅದಲುಬದಲು ಮಾಡಿಸಿದರು. ಒಂದು ಮೊಗಸಾಲೆಯನ್ನು ದಾಟಿ ಬಂದ ಆ ಅಪರಿಚಿತರೇ ಆತನ ಹಣೆಬರಹವನ್ನು ನಿರ್ಧರಿಸಿದರು. ಅಕ್ಟೋಬರ್ 17ರಂದು ಕೆಲವು ಆರೋಪಗಳಲ್ಲಿ ದೋಷಿಯೆಂಬ ತೀರ್ಪು, 24ರಂದು 11 ವರ್ಷಗಳ ಸೆರೆವಾಸ ಮತ್ತು 50,000 ಡಾಲರ್ ದಂಡ.

ಮೂರು ವರ್ಷಗಳ ಬಳಿಕ ಇದೇ ಕಟ್ಟಡದಲ್ಲಿ ವಿದ್ಯುತ್ ಉದ್ಯಮಿ ಸ್ಯಾಮುಯೆಲ್ ಇನ್ಸುಲ್ ವಿಚಾರಣೆ ನಡೆಯಿತು. ಅವರ ಕಂಪನಿಗಳ ಕುಸಿತದಲ್ಲಿ ಸಾವಿರಾರು ಸಾಮಾನ್ಯರ ಉಳಿತಾಯ ಕರಗಿತ್ತು. 1934ರ ನವೆಂಬರಿನಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು.

ಕಟ್ಟಡದ ಭಾಗ್ಯ ಇಳಿಮುಖವಾದದ್ದೂ ಇದೇ ದಶಕದಲ್ಲಿ. ನದಿಯ ದಂಡೆಯಲ್ಲಿ ಹೊಸದಾಗಿ ಕಟ್ಟಿದ ಬೃಹತ್ ಅಂಚೆ ಕಚೇರಿಗೆ ಮುಖ್ಯ ಅಂಚೆಯ ಕೆಲಸವೆಲ್ಲ ಸಾಗಿತು. ಯಾವ ಅಂಚೆಗಾಗಿ ಅಷ್ಟು ದೊಡ್ಡ ತಳಹದಿಯನ್ನು ಕಟ್ಟಲಾಗಿತ್ತೋ ಅದು ಹೋದ ಮೇಲೆ ಉಳಿದದ್ದು ಜಾಗ ಸಾಲದ ನ್ಯಾಯಾಲಯಗಳು ಮತ್ತು ಎತ್ತರದ ಖಾಲಿ ಗುಮ್ಮಟ. ಎರಡನೆಯ ಮಹಾಯುದ್ಧದ ನಂತರ ಒಕ್ಕೂಟ ಸರ್ಕಾರದ ಇಲಾಖೆಗಳು ಹಿಗ್ಗಿದವು. ಅವು ಶಿಕಾಗೊದ ತುಂಬ ಬಾಡಿಗೆ ಕಚೇರಿಗಳಲ್ಲಿ ಹರಡಿಕೊಂಡವು. ಎಲ್ಲವನ್ನೂ ಒಂದೇ ಕಡೆ ತರಬೇಕೆಂಬ ಯೋಜನೆ ಐವತ್ತರ ದಶಕದ ಕೊನೆಗೆ ರೂಪುಗೊಂಡು, ವಿನ್ಯಾಸದ ಹೊಣೆ ಆಧುನಿಕ ಶೈಲಿಯ ವಾಸ್ತುಶಿಲ್ಪಿ ಲುಡ್ವಿಗ್ ಮೀಸ್ ವಾನ್ ಡರ್ ರೋ ಮತ್ತು ಅವರೊಂದಿಗೆ ಕೂಡಿದ ಶಿಕಾಗೊದ ಸಂಸ್ಥೆಗಳಿಗೆ ಬಂತು. ಮೊದಲು ಡಿಯರ್‌ಬಾರ್ನ್ ಬೀದಿಯ ಪೂರ್ವಕ್ಕೆ 30 ಅಂತಸ್ತಿನ ನ್ಯಾಯಾಲಯದ ಗೋಪುರ 1964ರಲ್ಲಿ ಎದ್ದಿತು. ನ್ಯಾಯಾಧೀಶರು, ಗುಮಾಸ್ತರು, ಕಡತಗಳು ಬೀದಿ ದಾಟಿ ಅಲ್ಲಿಗೆ ಹೋದ ಬಳಿಕ 1965ರಲ್ಲಿ ಹಳೆಯ ಕಟ್ಟಡವನ್ನು ಕೆಡವುವ ಕೆಲಸ ಶುರುವಾಯಿತು.

ಇದನ್ನು ತಡೆಯಲು ದೊಡ್ಡ ಹೋರಾಟ ಏಕೆ ಏಳಲಿಲ್ಲ? ಶಿಕಾಗೊದಲ್ಲಿ ಆಗ ಕಟ್ಟಡಗಳನ್ನು ಉಳಿಸುವ ಮನಸ್ಸಿನವರು ಇರಲಿಲ್ಲವೆಂದಲ್ಲ. ಶಿಕಾಗೊದ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ಅವರು ಪಾಲುದಾರರೊಂದಿಗೆ ರೂಪಿಸಿದ ಗ್ಯಾರಿಕ್ ನಾಟಕಮಂದಿರವನ್ನು ಉಳಿಸಲು 1960ರಲ್ಲಿ ಜನ ಬೀದಿಗಿಳಿದಿದ್ದರು. ಸೋತರೂ ಅದರಿಂದ ಒಂದು ಚಳವಳಿ ಹುಟ್ಟಿತ್ತು. ಆದರೆ ಆ ಚಳವಳಿಯ ಪ್ರೀತಿಯೆಲ್ಲ ಶಿಕಾಗೊದ ಸ್ವಂತ ಕೊಡುಗೆಯಾದ ಉಕ್ಕಿನ ಹಂದರದ, ಅಲಂಕಾರವನ್ನು ಹತೋಟಿಯಲ್ಲಿಟ್ಟ ಕಟ್ಟಡಗಳ ಮೇಲಿತ್ತು. ಶಾಸ್ತ್ರೀಯ ಗುಮ್ಮಟ ಮತ್ತು ಕಂಬಗಳ ಶೈಲಿಯನ್ನು ಸಲಿವನ್ ಅವರೇ ಕಟುವಾಗಿ ನಿಂದಿಸಿದ್ದರು. ಆ ಶೈಲಿಯ ಕಟ್ಟಡಗಳನ್ನು ಮೆರೆಸಿದ 1893ರ ಮೇಳ ಅಮೆರಿಕದ ವಾಸ್ತುಶಿಲ್ಪವನ್ನು ಅರ್ಧ ಶತಮಾನ ಹಿಂದಕ್ಕೆ ತಳ್ಳಿತೆಂಬುದು ಅವರ ದೂರಾಗಿತ್ತು. ಕಾಬ್ ಅವರ ಕಟ್ಟಡ ಹೀಗೆ ಎರಡೂ ಕಡೆಯವರಿಗೆ ಬೇಡವಾಯಿತು: ಸರ್ಕಾರಕ್ಕೆ ಅದು ಹಳತಾಯಿತು, ಹಳತನ್ನು ಪ್ರೀತಿಸುವವರಿಗೆ ತಮ್ಮದಲ್ಲದ ಪಂಥದ್ದಾಯಿತು. ಕಾನೂನಿನ ಆಸರೆಯೂ ಇರಲಿಲ್ಲ. 1957ರಲ್ಲಿ ನಗರ ನೇಮಿಸಿದ್ದ ಸ್ಮಾರಕಗಳ ಆಯೋಗಕ್ಕೆ ಗೌರವ ಸೂಚಿಸುವ ಅಧಿಕಾರವಿತ್ತೇ ಹೊರತು ಕೆಡವುವುದನ್ನು ತಡೆಯುವ ಅಧಿಕಾರವಿರಲಿಲ್ಲ. ಅದು ಬಂದದ್ದು ನಗರಸಭೆಯ 1968ರ ಕಟ್ಟಳೆಯಿಂದ. ಒಕ್ಕೂಟ ಸರ್ಕಾರದ ಇಲಾಖೆಗಳು ತಮ್ಮ ಕೆಲಸದಿಂದ ಚಾರಿತ್ರಿಕ ಕಟ್ಟಡಗಳಿಗೆ ಏನಾಗುತ್ತದೆಂದು ಮೊದಲೇ ಪರಿಶೀಲಿಸಬೇಕೆಂಬ ರಾಷ್ಟ್ರೀಯ ಕಾಯಿದೆಗೆ ಸಹಿ ಬಿದ್ದದ್ದು 1966ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಗುಮ್ಮಟ ಹೋಗಿಯಾಗಿತ್ತು.

ಮೀಸ್ ಅವರ ಕೆಲಸವನ್ನು ಹಳಿಯುವುದು ನನ್ನಿಂದಾಗದು. ಕಪ್ಪು ಉಕ್ಕು ಮತ್ತು ಗಾಜಿನ ಎರಡು ಗೋಪುರಗಳು, ಒಂದೇ ಅಂತಸ್ತಿನ ಅಂಚೆ ಕಚೇರಿ, ನಡುವೆ ವಿಶಾಲವಾದ ಬಯಲು. 28 ಅಡಿಯ ಒಂದೇ ಅಳತೆ ಇಡೀ ಸಂಕೀರ್ಣವನ್ನು ಹಿಡಿದಿದ್ದು, ಬಯಲಿನ ಗ್ರಾನೈಟ್ ಹಾಸಿನ ಗೆರೆಗಳು ಗಾಜನ್ನು ಹಾದು ಗೋಪುರಗಳ ಒಳಾಂಗಣಕ್ಕೂ ಮುಂದುವರಿಯುತ್ತವೆ. 1974ರಲ್ಲಿ ಆ ಬಯಲಿಗೆ ಬಂದ ಅಲೆಕ್ಸಾಂಡರ್ ಕಾಲ್ಡರ್ ಅವರ 53 ಅಡಿ ಎತ್ತರದ ಕೆಂಪು ಉಕ್ಕಿನ ಶಿಲ್ಪ ‘ಫ್ಲಮಿಂಗೊ’ ಇವತ್ತು ನಗರದ ಗುರುತುಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದ ಉತ್ತಮ ಕಟ್ಟಡ ಸಮೂಹಗಳ ಸಾಲಿನಲ್ಲಿ ಅದನ್ನು ಸೇರಿಸುವವರೊಂದಿಗೆ ನನ್ನ ಜಗಳವಿಲ್ಲ. ಆದರೆ ಹೊಸ ಗೋಪುರದ ನ್ಯಾಯಾಲಯದ ಕೋಣೆಗಳು ಕಟ್ಟಡದ ಒಳಭಾಗದಲ್ಲಿ, ಹೊರಗಿನ ಬೆಳಕು ಬಾರದ ಕಡೆ ಇವೆ. ವಿಯೆಟ್ನಾಂ ಯುದ್ಧವಿರೋಧಿಗಳ ಮೇಲಿನ 1969ರ ಪ್ರಸಿದ್ಧ ವಿಚಾರಣೆ ನಡೆದದ್ದು ಅಂಥ ಒಂದು ಕೋಣೆಯಲ್ಲಿ. ಬೀದಿಯಿಂದ ನೋಡಿದರೆ ಯಾವ ಅಂತಸ್ತಿನಲ್ಲಿ ನ್ಯಾಯ ನಡೆಯುತ್ತಿದೆ, ಯಾವುದರಲ್ಲಿ ಕಚೇರಿಯ ಕಡತ ಸಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಸರ್ಕಾರದ ಎಲ್ಲ ಕೆಲಸವೂ ಒಂದೇ ಬಗೆಯದು ಎಂದು ಆ ಸಮನಾದ ಗಾಜಿನ ಮೈ ಹೇಳುವಂತಿದೆ, ಈ ಮಾತನ್ನು ನಾನು ಒಪ್ಪಲಾರೆ.

ಹಳೆಯ ಕಟ್ಟಡದ ಬೆಲೆಯನ್ನು ಅಳೆದವರು ಅದರ ಚದರಡಿಗಳನ್ನೂ ಶೈಲಿಯನ್ನೂ ನೋಡಿದರು. ಎರಡರಲ್ಲೂ ಅದು ಸೋಲುವಂಥದ್ದೇ. ಅದು ಸಾಕ್ಷಿಯಾಗಿತ್ತು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ರಾಕ್‌ಫೆಲರ್ ಕೂತ ಕುರ್ಚಿ, ಕಾರ್ಮಿಕರು ಐದು ತಿಂಗಳು ಕಾದ ಬೆಂಚುಗಳು, ಜಾನ್ಸನ್ ನಿಂತು ಶಿಕ್ಷೆ ಕೇಳಿದ ಜಾಗ, ಇವುಗಳಲ್ಲಿ ಹೆಮ್ಮೆಯೂ ಇತ್ತು, ನಾಚಿಕೆಯೂ ಇತ್ತು. ಹೆಮ್ಮೆಯ ಜಾಗ ಹೋದರೆ ಕಥೆಗಳಾದರೂ ಉಳಿಯುತ್ತವೆ. ಕಪೋನ್ ಕಥೆಯನ್ನು ಯಾರೂ ಮರೆತಿಲ್ಲ. ನಾಚಿಕೆಯ ಜಾಗಗಳಿಗೆ ಆ ಭಾಗ್ಯವಿಲ್ಲ, ಅವನ್ನು ಕಣ್ಣೆದುರು ಇಟ್ಟುಕೊಂಡರೆ ಮಾತ್ರ ನೆನಪು. ಸ್ಟ್ಯಾಂಡರ್ಡ್ ಆಯಿಲ್ ದಂಡವನ್ನು ಮೇಲಿನ ಪೀಠ ತಿದ್ದಿತು, ಬರ್ಗರ್ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ತಿದ್ದಿತು, ಕಾರ್ಮಿಕರ ಶಿಕ್ಷೆಯನ್ನು ಒಬ್ಬ ಅಧ್ಯಕ್ಷರು ಕಡಿತಗೊಳಿಸಿದರು, ಜಾನ್ಸನ್‌ಗೆ 105 ವರ್ಷಗಳ ನಂತರ ಕ್ಷಮೆ ಸಿಕ್ಕಿತು. ನ್ಯಾಯಾಲಯದ ತಪ್ಪಿಗೆ ತಡವಾಗಿಯಾದರೂ ತಿದ್ದುಪಡಿ ಇದೆ ಎಂದು ತೋರಿಸಿದ ಕಟ್ಟಡ ಅದು. 2018ರ ಕ್ಷಮಾದಾನದ ದಿನ ಆ ಕೋಣೆ ಇದ್ದಿದ್ದರೆ, ಶಿಕಾಗೊದ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಇಲ್ಲಿ ಹೀಗೆ ನಡೆಯಿತು ಎಂದು ಬೆರಳು ಮಾಡಿ ತೋರಿಸಬಹುದಾಗಿತ್ತು.

ಉಳಿದದ್ದು ಸ್ವಲ್ಪವೇ. ಹೊರಮೈಯ ಕೊರಿಂಥಿಯನ್ ಕಂಬಗಳಲ್ಲಿ ಎರಡು, 1996ರಲ್ಲಿ ಸರೋವರದ ಬಳಿಯ ಉದ್ಯಾನದಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ ಮಾಡಿದ ತೋಟದಲ್ಲಿ ನಿಂತಿವೆ. ಹಳೆಯ ನಿವೇಶನದ ಉತ್ತರಕ್ಕೆ ಮಾರ್ಕೆಟ್ (Marquette) ಎಂಬ ಹೆಸರಿನ ಕಟ್ಟಡ, ದಕ್ಷಿಣಕ್ಕೆ ಮೊನಾಡ್ನಾಕ್ ಕಟ್ಟಡ, ಗುಮ್ಮಟ ಏಳುವುದನ್ನೂ ಬೀಳುವುದನ್ನೂ ಕಂಡ ಆ ಎರಡೂ ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. ಎರಡೂ ಖಾಸಗಿಯವರು ಬಾಡಿಗೆಯ ಲಾಭಕ್ಕೆಂದು ಕಟ್ಟಿಸಿದವು. ಜನರ ಹಣದಲ್ಲಿ, ಜನರ ಹೆಸರಿನಲ್ಲಿ ಕಟ್ಟಿದ್ದು ಮಾತ್ರ ಉಳಿಯಲಿಲ್ಲ.

ಮೀಸ್ ಅವರ ಬಯಲಿನ ಗ್ರಾನೈಟ್ ಹಾಸು ಈಗಾಗಲೇ ಗೆರೆಗಳಿಂದಲೇ ಆದದ್ದು. ಅದರ ಶಿಸ್ತನ್ನು ಸ್ವಲ್ಪವೂ ಕೆಡಿಸದೆ, ಹಳೆಯ ಕಟ್ಟಡದ ಶಿಲುಬೆಯ ನಾಲ್ಕು ತೋಳುಗಳ ಅಂಚನ್ನು ಅದೇ ಹಾಸಿನಲ್ಲಿ ಬೇರೆ ಬಣ್ಣದ ಕಲ್ಲಿನಿಂದ ಗುರುತಿಸಬಹುದು. ಆ ಅಂಚಿನ ಉದ್ದಕ್ಕೂ ಮೊಕದ್ದಮೆಗಳ ಹೆಸರು, ವರ್ಷ, ಮೊದಲ ತೀರ್ಪು ಮತ್ತು ಆಮೇಲೆ ಅದು ಏನಾಯಿತು ಎಂಬುದನ್ನು ಕೆತ್ತಿಸಬಹುದು. ಕಪೋನ್ ಹೆಸರು ಇರಲಿ, ರಾಕ್‌ಫೆಲರ್ ಹೆಸರೂ ಇರಲಿ. ಜಾಕ್ ಜಾನ್ಸನ್ ಹೆಸರಿನ ಮುಂದೆ 1913 ಮತ್ತು 2018 ಎರಡೂ ವರ್ಷಗಳು ಬರಲಿ. 1918ರ ಆರೋಪಿಗಳನ್ನಂತೂ ಸಂಘದ ಹೆಸರಿನಲ್ಲಿ ಒಟ್ಟಾಗಿ ಬರೆದು ಮುಗಿಸದೆ ಒಬ್ಬೊಬ್ಬರ ಹೆಸರನ್ನೂ ಬೇರೆಬೇರೆಯಾಗಿ ಕೆತ್ತಬೇಕು. ಜ್ಯೂರಿ ಅವರಿಗೆ ಕೊಡದ ಆ ಒಂದು ನಿಮಿಷವನ್ನು ಅಲ್ಲಿ ನಡೆದು ಹೋಗುವವರಾದರೂ ಕೊಟ್ಟಾರು.